ಬೆಕ್ಕಿರುವ ಮನೆಗೆ ಪಾರಿವಾಳದ ಬಲೆ ಸಾಲದು

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಬೆಕ್ಕು ಬಾಲ್ಕನಿಯಿಂದ ಬಿದ್ದವು. ಎರಡು ಮನೆಗಳಲ್ಲಿ ಬಲೆ ಇತ್ತು. ಮೂರನೆಯ ಮನೆಯಲ್ಲಿ ಅವತ್ತೇ ಬಲೆ ಕಟ್ಟುತ್ತಿದ್ದರು. ಅದಕ್ಕೇ ಈ ಲೇಖನ.

ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೇ ನಿಲ್ಲುತ್ತೆ ಅನ್ನುವವರು ಇನ್ನೂ ಇದ್ದಾರೆ. ಕಾಲ ಮೇಲೆ ಬಿದ್ದರೂ ಗದ್ದ ನೆಲಕ್ಕೆ ಬಡಿದು ದವಡೆ ಮುರಿಯುತ್ತದೆ, ಎದೆಗೆ ಪೆಟ್ಟಾಗಿ ಉಸಿರಾಟಕ್ಕೇ ತೊಂದರೆಯಾಗುತ್ತದೆ. ನ್ಯೂಯಾರ್ಕಿನ ಒಂದು ಪ್ರಾಣಿ ಆಸ್ಪತ್ರೆಯ ವೈದ್ಯರು ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಲೆಕ್ಕವನ್ನು 1987ರಲ್ಲಿ ಪ್ರಕಟಿಸಿದ್ದರು. ಚಿಕಿತ್ಸೆ ಸಿಕ್ಕವುಗಳಲ್ಲಿ ಶೇ 90ರಷ್ಟು ಬದುಕಿದವು. ಬಲೆ ಬೇಡ ಅನ್ನುವವರು ಹಿಡಿದುಕೊಳ್ಳುವುದು ಈ ಅಂಕಿಯನ್ನೇ. ಆದರೆ ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಆಸ್ಪತ್ರೆಗೆ ಯಾರು ಒಯ್ಯುತ್ತಾರೆ? ಅವು ಲೆಕ್ಕಕ್ಕೇ ಬಂದಿಲ್ಲ.

ಮೊದಲು ಬಲೆ ಆರಿಸಿ

ಅಂಗಡಿಯಲ್ಲಿ 'ಬಾಲ್ಕನಿ ನೆಟ್' ಅಂದರೆ ಪಾರಿವಾಳದ ಬಲೆ ಕೊಡುತ್ತಾರೆ. ಅದರ ಕಣ್ಣು ಸಾಮಾನ್ಯವಾಗಿ 50 ಮಿ.ಮೀ. ಇರುತ್ತದೆ. ಪಾರಿವಾಳ ಒಳಗೆ ಬರಲ್ಲ, ಬೆಕ್ಕಿನ ಮರಿ ಹೊರಗೆ ಹೋಗುತ್ತೆ. ತಲೆ ತೂರಿದರೆ ಮೈಯೂ ತೂರಿತು ಅಂತಲೇ ಲೆಕ್ಕ. ಕಣ್ಣು 30 ಮಿ.ಮೀ. ಮೀರಬಾರದು. ಮನೆಯಲ್ಲಿ ಮರಿ ಇದ್ದರೆ 25.

ಇಲ್ಲೊಂದು ಮೋಸ ಇದೆ. ಕೆಲವರು ಚೌಕದ ಒಂದು ಬದಿ ಅಳೆಯುತ್ತಾರೆ, ಕೆಲವರು ಎದುರುಬದುರು ಗಂಟು ಹಿಡಿದು ಎಳೆದು ಅಳೆಯುತ್ತಾರೆ. ಅದೇ ಬಲೆ ಒಬ್ಬರ ಬಾಯಲ್ಲಿ 25, ಇನ್ನೊಬ್ಬರ ಬಾಯಲ್ಲಿ 50. ಸುಮ್ನೆ ಒಂದು ಸ್ಕೇಲ್ ತಗೊಂಡು ಹೋಗಿ, ಚೌಕದ ಬದಿ ನೀವೇ ಅಳೆಯಿರಿ. ಮೀನು ಹಿಡಿಯುವ ದಾರದಂಥ ಪಾರದರ್ಶಕ ಬಲೆ ಬೇಡವೇ ಬೇಡ. ನೋಡಲು ಚಂದ, ಬೆಕ್ಕಿನ ಹಲ್ಲಿಗೆ ಎರಡು ನಿಮಿಷದ ಕೆಲಸ. ಹುರಿ ಹಾಕಿದ ದಪ್ಪ ದಾರದ್ದು ತಗೊಳ್ಳಿ, ಬಣ್ಣ ಕಪ್ಪಿರಲಿ. ಬಲೆಯನ್ನೇ ಕಚ್ಚುವ ಚಾಳಿಯ ಬೆಕ್ಕಾದರೆ ಒಂದು ಇಂಚಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ) ಹಾಕಿಸಿ, ಬೇರೆ ದಾರಿಯಿಲ್ಲ. ಈಗ ಎಲ್ಲರೂ ಹಾಕಿಸುತ್ತಿರುವ 'ಇನ್‌ವಿಸಿಬಲ್ ಗ್ರಿಲ್' ಮಕ್ಕಳಿಗೆ ಸರಿ. ಎರಡು-ಮೂರು ಇಂಚಿಗೊಂದು ತಂತಿ, ಒತ್ತಿದರೆ ಬಾಗುತ್ತದೆ. ಸಣಕಲು ಬೆಕ್ಕು ಆರಾಮಾಗಿ ದಾಟುತ್ತದೆ.

ಕಟ್ಟುವ ದಿನ ಬೆಕ್ಕು ಎಲ್ಲಿರಬೇಕು

ಬೆಡ್‌ರೂಮಿನಲ್ಲಿ. ಬಾಗಿಲಿಗೆ ಚಿಲಕ ಹಾಕಿರಬೇಕು. ಡ್ರಿಲ್ ಸದ್ದಿಗೆ ಹೆದರಿ ಓಡಿದ್ದು ಆ ಮೂರನೆಯ ಮನೆಯ ಬೆಕ್ಕು.

ಹುಕ್ಕು, ಅಂಚು, ಕೆಳಗಿನ ಸಂದು

ಬಲೆ ನಡುವೆ ಹರಿದು ಬಿದ್ದ ಬೆಕ್ಕನ್ನು ನಾನು ನೋಡಿಲ್ಲ. ಎಲ್ಲಾ ಅನಾಹುತ ಅಂಚಿನಲ್ಲೇ. ಹಾಗಾಗಿ ಈ ಹಂತದಲ್ಲಿ ಕೆಲಸದವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಡಿ.

ಹುಕ್ಕುಗಳನ್ನು ಎರಡು ಅಡಿಗೊಂದರಂತೆ ಹಾಕುತ್ತಾರೆ. ಬೆಕ್ಕು ಎರಡು ಹುಕ್ಕಿನ ನಡುವೆ ತಲೆ ಒತ್ತುತ್ತದೆ, ಬಲೆ ಜೋಲುತ್ತದೆ, ಗೋಡೆಗೂ ಬಲೆಗೂ ನಡುವೆ ಬಾಯಿ ಬಿಡುತ್ತದೆ. ಎಂಟು ಇಂಚಿಗೊಂದು ಹುಕ್ಕು ಬೇಕು. ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಬಾಲ್ಕನಿ ಅಂದರೆ ಸುತ್ತಳತೆ 36 ಅಡಿ. ಅವರ ಲೆಕ್ಕದಲ್ಲಿ 18 ಹುಕ್ಕು, ನಮ್ಮ ಲೆಕ್ಕದಲ್ಲಿ 54. "ಮೇಡಂ, ಇಷ್ಟೊಂದು ಹುಕ್ ಯಾರೂ ಹಾಕ್ಸಲ್ಲ" ಅಂದ ನಮ್ಮ ಮನೆಗೆ ಬಂದ ಹುಡುಗ. "ಹಾಕಪ್ಪಾ, ಹುಕ್ಕಿನ ದುಡ್ಡು ನಾನು ಕೊಡ್ತೀನಿ" ಅಂದೆ. ಮುಖ ಊದಿಸಿಕೊಂಡೇ ಹಾಕಿದ.

ಅಂಟಿಸುವ ಹುಕ್ಕು ಬೇಡ. ಒಂದು ಮಳೆಗಾಲ ಕಳೆದರೆ ಕಿತ್ತು ಬರುತ್ತದೆ. ಡ್ರಿಲ್ ಮಾಡಿ, ಫಿಶರ್ (ತಿರುಪು ಹಿಡಿದುಕೊಳ್ಳಲು ತೂತಿಗೆ ತುರುಕುವ ಪ್ಲಾಸ್ಟಿಕ್ ಕೊಳವೆ) ಕೂರಿಸಿ, ತಿರುಪಿನ ಹುಕ್ಕನ್ನೇ ಹಾಕಿಸಿ. ತೂತು ಎರಡು ಇಂಚಾದರೂ ಆಳ ಇರಲಿ, ಇಲ್ಲದಿದ್ದರೆ ಫಿಶರ್ ಬರೀ ಪ್ಲಾಸ್ಟರಿನಲ್ಲೇ ನಿಂತುಬಿಡುತ್ತದೆ. ಡ್ರಿಲ್ಲಿನಿಂದ ಬೀಳುವ ಪುಡಿ ನೋಡುತ್ತಿರಿ: ಕೆಂಪಗಿದ್ದರೆ ಇಟ್ಟಿಗೆ. ಇಟ್ಟಿಗೆ ಗೋಡೆಯಲ್ಲಿ ಮೂಲೆಗೆ ತೀರ ಹತ್ತಿರ ಕೊರೆದರೆ ಚೂರೇ ಎದ್ದು ಬರುತ್ತದೆ, ಎರಡು-ಮೂರು ಇಂಚು ಒಳಗೆ ಬನ್ನಿ. ತೂತಿನೊಳಗಿನ ಪುಡಿಯನ್ನು ಊದಿ ತೆಗೆಸಿ. ಇದನ್ನು ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ, ಆಮೇಲೆ ಹುಕ್ಕು ಸಡಿಲ ಅಂತ ಫಿಶರ್ ಕಂಪನಿಯನ್ನು ಬಯ್ಯುತ್ತಾರೆ.

ಇನ್ನು ಅಂಚು. ಬಲೆಯ ಕಣ್ಣನ್ನೇ ನೇರವಾಗಿ ಹುಕ್ಕಿಗೆ ಸಿಕ್ಕಿಸಿದರೆ ಅಷ್ಟೂ ಭಾರ ಆ ಒಂದು ಎಳೆ ದಾರದ ಮೇಲೆ. ಅದರ ಬದಲು ತೆಳ್ಳಗಿನ ಸ್ಟೀಲ್ ವೈರನ್ನು ಅಂಚಿನ ಒಂದೊಂದೇ ಕಣ್ಣಿನಲ್ಲಿ ಹೂ ಪೋಣಿಸಿದ ಹಾಗೆ ಪೋಣಿಸಿ, ಆ ವೈರನ್ನು ಹುಕ್ಕಿಗೆ ಹಾಕಬೇಕು. ಒಂದೂ ಕಣ್ಣು ಬಿಡಬಾರದು. ಕೊನೆಗೆ ಇಕ್ಕಳದಿಂದ ಪ್ರತಿ ಹುಕ್ಕಿನ ಬಾಯಿ ಒತ್ತಿ ಮುಚ್ಚಿಸಿ. ಬಾಯಿ ತೆರೆದ ಹುಕ್ಕಿನಿಂದ ವೈರ್ ಒಂದು ಜೋರು ಗಾಳಿಗೆ ಕಳಚಿಕೊಳ್ಳುತ್ತದೆ. ಕೇಬಲ್ ಟೈ ಹಾಕಿ ಮುಗಿಸೋಣ ಅಂದರೆ ಒಪ್ಪಬೇಡಿ. ಬಿಸಿಲಿಗೆ ಅದು ಕಡ್ಡಿಯ ಹಾಗೆ ಮುರಿಯುತ್ತದೆ.

ಕೆಳಗಿನ ಭಾಗ ಎಲ್ಲಕ್ಕಿಂತ ಮುಖ್ಯ. ಕಂಬಿ ಇದೆಯಲ್ಲಾ ಅಂತ ಬಲೆಯನ್ನು ರೇಲಿಂಗಿನ ಮೇಲ್ಗಡೆಗೇ ಕಟ್ಟಿ ಎದ್ದುಬಿಡುತ್ತಾರೆ. ಬೆಕ್ಕು ಕಂಬಿಗಳ ನಡುವೆ ನುಸುಳಿ ಹೊರಗೆ. ನಮ್ಮಲ್ಲಿ ಬಲೆ ಇದ್ದೂ ಬಿದ್ದ ಎರಡೂ ಬೆಕ್ಕು ಹೋದದ್ದು ಹೀಗೇ. ಬಲೆ ರೇಲಿಂಗಿನ ಹೊರಗಿನಿಂದ ಇಳಿದು ಸ್ಲ್ಯಾಬಿನ ತನಕ ಬರಬೇಕು, ಸ್ಲ್ಯಾಬಿಗೇ ಹುಕ್ಕು ಬೀಳಬೇಕು. ಎಸಿ ಪೈಪ್ ಹಾಯುವ ಕಡೆ ಬಲೆ ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ, ಅಲ್ಲಿ ಸುತ್ತ ವೈರಿನಿಂದ ಹೊಲಿಸಿ.

ದುಡ್ಡು ಕೊಡುವ ಮೊದಲು ಅಡುಗೆಮನೆಯಿಂದ ಒಂದು ಚಿಕ್ಕ ಕಾಫಿ ಲೋಟ ತನ್ನಿ. ಅಂಚಿನುದ್ದಕ್ಕೂ ಬಲೆಯನ್ನು ಅಂಗೈಯಿಂದ ತಳ್ಳುತ್ತಾ, ಸಂದಿನಲ್ಲಿ ಲೋಟ ತೂರಿಸಿ ನೋಡಿ. ತೂರಿದ ಕಡೆ ಇನ್ನೊಂದು ಹುಕ್ಕು. ನಮ್ಮಲ್ಲಿ 54 ಆದಮೇಲೂ ಮೂರು ಕಡೆ ತೂರಿತು.

ಪ್ರತಿ ವರ್ಷ ಮುಂಗಾರಿಗೆ ಮೊದಲು ಬಿಸಿಲು ಜಾಸ್ತಿ ಬೀಳುವ ಕಡೆಯ ದಾರವನ್ನು ಬೆರಳಲ್ಲಿ ಹೊಸಕಿ ನೋಡಿ. ಪುಡಿ ಉದುರಿದರೆ ಬಲೆ ಬದಲಿಸಿ.

ಕಿಟಕಿ

ಸೊಳ್ಳೆ ಪರದೆ ಇರುವುದು ಸೊಳ್ಳೆಗೆ. ಜಾರಿಸುವ ಜಾಲರಿಯನ್ನು ಬೆಕ್ಕು ಪಂಜದಿಂದ ಸರಿಸುತ್ತದೆ, ಲಾಕ್ ಹಾಕಿ.

ಮನೆಯೊಳಗೆ

ಬೆಕ್ಕಿಗೆ ಜ್ವರ ಬಂತು ಅಂತ ಅರ್ಧ ಡೋಲೋ ಕೊಟ್ಟವರನ್ನು ನೋಡಿದ್ದೇನೆ. "ಮಕ್ಕಳಿಗೇ ಕೊಡ್ತೀವಲ್ವಾ" ಅಂದರು. ಡೋಲೋದಲ್ಲಿರುವ ಪ್ಯಾರಸಿಟಮಾಲನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ, ಒಸಡು ಕಂದಾಗುತ್ತದೆ, ಮುಖ, ಪಾದ ಊದುತ್ತವೆ. 500 ಮಿ.ಗ್ರಾಂ.ನ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಹಾಗೇ ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಡ್ರಾಪ್ಸ್. ನಾಯಿಗೆ ಏನೂ ಆಗಲ್ಲ, ಬೆಕ್ಕಿಗೆ ನಡುಕ ಹತ್ತಿ ಫಿಟ್ಸ್ ಬರುತ್ತದೆ. 'ಸ್ವಲ್ಪ ಹಾಕಿದರೆ ಸಾಕು' ಅನ್ನುವ ಅಂಗಡಿಯವರ ಮಾತು ಕೇಳಬೇಡಿ.

ನೆಲ ಒರೆಸುವ ಫಿನೈಲ್ ಇನ್ನೊಂದು. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಯಾವುದನ್ನೂ ನಾನು ಮನೆಗೆ ತರುವುದಿಲ್ಲ. ಬೆಕ್ಕು ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕುತ್ತದೆ. ಬರೀ ಬಿಸಿನೀರಲ್ಲಿ ಒರೆಸಿದರೆ ಮನೆ ಗಲೀಜಾಗಲ್ಲ. ಬೀರುವಿನ ನುಸಿಗುಳಿಗೆಯೂ ಬೇಡ.

ಗೃಹಪ್ರವೇಶಕ್ಕೆ ಬರುವ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಬಾಗಿಲಲ್ಲೇ ತೆಗೆಯಿರಿ. ಎಲೆ, ಪರಾಗ, ಹೂದಾನಿಯ ನೀರು, ಎಲ್ಲವೂ ಬೆಕ್ಕಿನ ಕಿಡ್ನಿಗೆ ವಿಷ. ಮೈಮೇಲೆ ಉದುರಿದ ಪರಾಗ ನೆಕ್ಕಿದರೂ ಸಾಕು. ಮನಿ ಪ್ಲಾಂಟ್ ಅಷ್ಟು ಕೆಟ್ಟದ್ದಲ್ಲ, ಬಾಯಿ ಉರಿದು ಜೊಲ್ಲು ಸುರಿಸುತ್ತದೆ. ಎಟುಕದ ಹಾಗೆ ತೂಗುಹಾಕಿ.

ಬಾಡಿದ ಮಲ್ಲಿಗೆ ದಂಡೆಯ ದಾರವನ್ನು ಮುಚ್ಚಳ ಇರುವ ಡಬ್ಬಕ್ಕೇ ಹಾಕಿ. ಬೆಕ್ಕಿನ ನಾಲಿಗೆಯ ಮುಳ್ಳು ಹಿಂದಕ್ಕೆ ಬಾಗಿರುತ್ತದೆ, ಬಾಯಿಗೆ ಹೋದ ದಾರವನ್ನು ಉಗುಳಲಾರದು. ನುಂಗಿದ ದಾರ ಹಿಂದಿನಿಂದ ನೇತಾಡುತ್ತಿದ್ದರೆ ದಯವಿಟ್ಟು ಎಳೆಯಬೇಡಿ, ಒಳಗೆ ಕರುಳು ಸೀಳುತ್ತದೆ. ಹಾಗೇ ಡಾಕ್ಟರ ಹತ್ತಿರ ಓಡಿ.

ವಾಷಿಂಗ್ ಮೆಷಿನ್ ಹಾಕುವ ಮುನ್ನ ಒಳಗೆ ಕೈಯಾಡಿಸಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರನ್ನ ಹಾಕಬೇಡಿ.

ಇಷ್ಟಾದರೂ ಬಿದ್ದರೆ

ಎದ್ದು ನಡೆದರೂ ಆಸ್ಪತ್ರೆಗೆ ಹೋಗಲೇಬೇಕು, ಒಳಪೆಟ್ಟು ಮೇಲೆ ಕಾಣುವುದಿಲ್ಲ. ಎತ್ತಿ ಅಪ್ಪಿಕೊಳ್ಳಬೇಡಿ. ಟವೆಲ್ ಮೇಲೆ ಜಾರಿಸಿ ಅಗಲವಾದ ರಟ್ಟಿನ ಡಬ್ಬದಲ್ಲಿ ಮಲಗಿಸಿ. ಹಾಲು, ನೀರು ಏನೂ ಬೇಡ. ಡಾಕ್ಟರ ನಂಬರನ್ನು ಫ್ರಿಜ್ಜಿಗೆ ಅಂಟಿಸಿ, ರಾತ್ರಿ ಹನ್ನೊಂದರ ಮೇಲೆ ಒಮ್ಮೆ ಫೋನ್ ಮಾಡಿ ನೋಡಿ. '24 ಗಂಟೆ' ಅಂತ ಬೋರ್ಡ್ ಹಾಕಿದ್ದ ನಾಲ್ಕು ಕ್ಲಿನಿಕ್ಕಿಗೆ ನಾನು ಮಾಡಿದೆ. ಎತ್ತಿದ್ದು ಒಂದು.