ರಕ್ತ ಏರ್ತಾನೇ ಇಲ್ವಾ? ಒಂದ್ಸಲ ಮಲ ಪರೀಕ್ಷೆ ಮಾಡಿಸಿ

ಚನ್ನಗಿರಿ ಕಡೆಯ ನಮ್ಮ ಚಿಕ್ಕಮ್ಮನಿಗೆ ಆರು ತಿಂಗಳು ಸುಸ್ತು. ಕಬ್ಬಿಣದ ಮಾತ್ರೆ ನುಂಗಿದ್ದೇ ನುಂಗಿದ್ದು, ರಕ್ತ ಏರಲಿಲ್ಲ. ಕೊನೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಪಾದದಲ್ಲಿ ಬಾವು, ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಈಗಿನ ಕಾಲದಲ್ಲಿ ಎಲ್ಲಿಯ ಹುಳು ಅಂತ ಯಾರೂ ಆ ಕಡೆ ಯೋಚನೆಯನ್ನೇ ಮಾಡಲಿಲ್ಲ. ಮಲ ಪರೀಕ್ಷೆಯಲ್ಲಿ ಸಿಕ್ಕಿದ್ದು ಕೊಕ್ಕೆಹುಳದ ಮೊಟ್ಟೆ.

ಊರಲ್ಲಿ ಹುಳು ಕಮ್ಮಿಯಾದರೂ ಎಲ್ಲರಲ್ಲೂ ಒಂದೇ ಸಮ ಕಮ್ಮಿಯಾಗಲ್ಲ. ಕೆಲವರ ಹೊಟ್ಟೆಯಲ್ಲೇ ಜಾಸ್ತಿ ಉಳಿದಿರುತ್ತವೆ, ಕಾಯಿಲೆ ಬೀಳುವವರೂ ಅವರೇ. ಜಂತುಹುಳು ನಿವಾರಣಾ ದಿನ 2015ರಲ್ಲಿ ಶುರುವಾಯಿತು ನಿಜ, ಆದರೆ ಅವತ್ತು ಕೊಡುವ ಹುಳದ ಮಾತ್ರೆ ಮುಖ್ಯವಾಗಿ 1ರಿಂದ 19 ವರ್ಷದವರಿಗೆ. ಬರಿಗಾಲಲ್ಲಿ ಅಡಿಕೆ ತೋಟದಲ್ಲಿ ದುಡಿಯುವ ದೊಡ್ಡವರನ್ನು ಕೇಳುವವರಿಲ್ಲ. ಬಯಲಲ್ಲಿ ಮಲಕ್ಕೆ ಕೂತ ಜಾಗದಲ್ಲಿ ನೆರಳು, ತೇವ ಇದ್ದರೆ ಕೊಕ್ಕೆಹುಳದ ಮೊಟ್ಟೆಯೊಡೆದು ಮರಿ ಬೆಳೆಯುತ್ತದೆ, ಅಂಗಾಲಿನ ಚರ್ಮದಿಂದಲೇ ಒಳಹೊಕ್ಕು, ಶ್ವಾಸಕೋಶ ಸುತ್ತಿ ಕರುಳು ಸೇರಿ ರಕ್ತ ಹೀರುತ್ತದೆ.

ಅದಕ್ಕೇ ಡಾಕ್ಟರ ಹತ್ತಿರ ಸುಮ್ನೆ ‘ಸುಸ್ತು’ ಅನ್ನಬೇಡಿ. ತೋಟದ ಕೆಲಸ, ಬರಿಗಾಲು, ಮಣ್ಣು ತಿನ್ನುವ ಆಸೆ ಇದ್ದರೆ ಅದನ್ನೂ ನಾಚದೆ ಹೇಳಿ. ರಕ್ತದ ಜೊತೆ ಮಲ ಪರೀಕ್ಷೆಯನ್ನೂ ನೀವೇ ಕೇಳಿ. ಒಣಗಿದ ಡಬ್ಬಿ ಬೇಕು, ಮೂತ್ರ ಸೇರಬಾರದು, ಬೆಳಗಿನದ್ದನ್ನು ತಡಮಾಡದೆ ಲ್ಯಾಬಿಗೆ ಮುಟ್ಟಿಸಿ. ಒಂದು ಸಲ ಏನೂ ಕಾಣಲಿಲ್ಲ ಅಂದರೆ ಮುಗೀತು ಅಂತಲ್ಲ, ಬೇರೆ ಬೇರೆ ದಿನ ಇನ್ನೆರಡು ಸಲ ಕೊಡಿ.

ಹುಳು ಕೊಲ್ಲುವ ಆಲ್ಬೆಂಡಜೋಲ್ ಅಗ್ಗದ ಮಾತ್ರೆ, ಹಾಗಂತ ಅಂಗಡಿಯಿಂದ ತಂದು ನುಂಗಬೇಡಿ. ಬಸುರಿಯರು, ಫಿಟ್ಸ್ ಬಂದವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಮೆದುಳಲ್ಲಿ ಲಾಡಿಹುಳದ ಮರಿ ಕೂತಿದ್ದರೆ ಈ ಮಾತ್ರೆಯಿಂದಲೇ ಬಾವು ಹೆಚ್ಚಬಹುದು. ಮಗುವಿನ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಮಲವೂ ಗಾಳಿಯೂ ನಿಂತಿದ್ದರೆ ಕರುಳು ಕಟ್ಟಿರಬಹುದು, ದುಂಡುಹುಳದ ಗಂಟಿನಿಂದ ಹಾಗಾಗುತ್ತದೆ. ಆಗ ಯಾವ ಮಾತ್ರೆಯೂ ಬೇಡ, ಏನನ್ನೂ ತಿನ್ನಿಸದೆ ನೇರ ದೊಡ್ಡಾಸ್ಪತ್ರೆಗೆ ಓಡಿ, ರಾತ್ರಿಯಾದರೂ ಸರಿ.

ಹುಳು ಹೋದ ಮೇಲೂ ಕಬ್ಬಿಣದ ಮಾತ್ರೆ ಕೆಲವು ತಿಂಗಳು ಬೇಕು. ಚಿಕ್ಕಮ್ಮ ಹದಿನೈದು ದಿನಕ್ಕೇ ಬಿಟ್ಟಿದ್ದರು, ಬೈದು ಮತ್ತೆ ಶುರು ಮಾಡಿಸಿದೆವು.