ಹ್ಯಾಲೊವೀನ್ ಪಾರ್ಟಿಗೆ ಕ್ಯಾರೆಟ್ ಬೆರಳು, ಅಣಬೆ ಬುರುಡೆ

ಅಕ್ಟೋಬರ್ 31ರಂದು ದೆವ್ವ, ಮಾಟಗಾತಿಯರ ವೇಷ ತೊಟ್ಟು ಆಚರಿಸುವ ಹ್ಯಾಲೊವೀನ್ ಎಂದರೆ ಈಗ ಮುಖ ಕೆತ್ತಿ ಒಳಗೆ ದೀಪವಿಟ್ಟ ಕಿತ್ತಳೆ ಬಣ್ಣದ ಕುಂಬಳಕಾಯಿಯೇ ಕಣ್ಣಮುಂದೆ ಬರುತ್ತದೆ. ಆದರೆ ಈ ಆಚರಣೆಯ ತವರಾದ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಮುಖ ಕೆತ್ತುತ್ತಿದ್ದುದು ಟರ್ನಿಪ್ ಗೆಡ್ಡೆಯಲ್ಲಿ. ವಲಸೆ ಹೋದವರಿಗೆ ಅಮೆರಿಕದಲ್ಲಿ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳ ಸಿಕ್ಕಿದ ಮೇಲೆ ಟರ್ನಿಪ್ ಹಿಂದೆ ಸರಿಯಿತು. ಐರ್ಲೆಂಡಿನ ಮೇಯೊ ಕೌಂಟಿಯಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಡೊನೆಗಾಲ್ ಕಡೆಯ ಅಂಥದೊಂದು ಟರ್ನಿಪ್ ಲಾಟೀನಿನ ಪ್ಲಾಸ್ಟರ್ ಅಚ್ಚು ಇದೆ. ಸುಕ್ಕುಗಟ್ಟಿದ ಆ ಮುಖದ ಮುಂದೆ ಇವತ್ತಿನ ಕುಂಬಳದ ನಗು ತೀರಾ ಸಾಧು. ಅಂಜಿಕೆ ಹುಟ್ಟಿಸುವುದು ಆ ಸುಕ್ಕೇ.

ತರಕಾರಿಯನ್ನು ಓವನ್‌ನಲ್ಲಿ ರೋಸ್ಟ್ ಮಾಡಿದಾಗ ಆಗುವುದೂ ಇದೇ. ನೀರು ಹೋಗುತ್ತದೆ, ಮೈ ಸುಕ್ಕಾಗುತ್ತದೆ, ಅಂಚು ಕಪ್ಪಾಗುತ್ತದೆ. ಹೀಗಾಗಿ ಹ್ಯಾಲೊವೀನ್ ಊಟದ ಪಕ್ಕದ ಖಾದ್ಯಕ್ಕೆ ರೋಸ್ಟ್ ಮಾಡಿದ ತರಕಾರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಂದೇ ಒಂದು ಎಚ್ಚರ: ಕತ್ತರಿಸುವಾಗ ಚೆಂದ ಕಾಣುವುದು ಮುಖ್ಯವಲ್ಲ, ಬೆಂದು ಕುಗ್ಗಿದ ಮೇಲೆ ಹೇಗಿರುತ್ತದೆ ಎಂದು ಲೆಕ್ಕ ಹಾಕಿ ಚಾಕು ಹಾಕಬೇಕು. ಕೆಡುವ ತಟ್ಟೆಗಳೆಲ್ಲ ಬಹುಪಾಲು ಇಲ್ಲೇ ಕೆಡುತ್ತವೆ.

ಇಲ್ಲಿರುವುದು 10ರಿಂದ 12 ಜನರಿಗೆ ಸಾಕಾಗುವ ಅಳತೆ. ಉದ್ದನೆಯ, ಹೆಬ್ಬೆರಳಿಗಿಂತ ದಪ್ಪವಿಲ್ಲದ ಕ್ಯಾರೆಟ್ 1 ಕೆ.ಜಿ.; ದೊಡ್ಡ ಗಾತ್ರದ ಬಟನ್ ಅಣಬೆ 400 ಗ್ರಾಂ; ಕಿತ್ತಳೆ ತಿರುಳಿನ ಸಿಹಿಗೆಣಸು ಅಥವಾ ಸಿಹಿಗುಂಬಳ 750 ಗ್ರಾಂ; ಮಧ್ಯಮ ಗಾತ್ರದ ಬೀಟ್‌ರೂಟ್ 2; ಗುರೆಳ್ಳು 100 ಗ್ರಾಂ; ಬಾದಾಮಿ 10; ಒಣಮೆಣಸಿನಕಾಯಿ 10, ಅದರಲ್ಲಿ 4 ಬ್ಯಾಡಗಿಯದಾಗಿರಲಿ; ಬೆಳ್ಳುಳ್ಳಿ, ಜೀರಿಗೆ, ನಿಂಬೆಹಣ್ಣು, ಹುಣಸೆ, ಉಪ್ಪು, ಶೇಂಗಾ ಎಣ್ಣೆ. ಅಮೆರಿಕದ ಅಂಗಡಿಗಳಲ್ಲಿ ಕಿತ್ತಳೆ ಗೆಣಸು 'ಯಾಮ್' ಎಂಬ ಹೆಸರಿನಲ್ಲೂ ಸಿಗುತ್ತದೆ. ಬಿಳಿ ತಿರುಳಿನ ಗೆಣಸು ರುಚಿಗೆ ಅಡ್ಡಿಯಿಲ್ಲ, ಬಣ್ಣಕ್ಕೆ ಆಗದು.

ಹಿಂದಿನ ದಿನವೇ: ರಕ್ತ ಮತ್ತು ಮಣ್ಣು

ಬೀಟ್‌ರೂಟನ್ನು ಸಿಪ್ಪೆ ಸಮೇತ, ತುದಿ ಬಾಲ ಕತ್ತರಿಸದೆ ಕುಕ್ಕರ್‌ನಲ್ಲಿ 4 ಸೀಟಿ ಕೂಗಿಸಿ. ಹೆಚ್ಚಿ ಬೇಯಿಸಿದರೆ ಅರ್ಧ ಬಣ್ಣ ನೀರಿಗೆ ಇಳಿದುಹೋಗುತ್ತದೆ. ಆರಿದ ಮೇಲೆ ಸಿಪ್ಪೆ ಸುಲಿದು, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿದ 4 ಬ್ಯಾಡಗಿ ಮೆಣಸಿನಕಾಯಿ, 2 ಎಸಳು ಬೆಳ್ಳುಳ್ಳಿ, ಹುರಿದ ಜೀರಿಗೆ 1 ಚಮಚ, 2 ದೊಡ್ಡ ಚಮಚ ನಿಂಬೆರಸ, 2 ದೊಡ್ಡ ಚಮಚ ಎಣ್ಣೆ, ಉಪ್ಪು ಹಾಕಿ ನುಣ್ಣಗೆ ರುಬ್ಬಿ. ಬೀಟ್‌ರೂಟ್ ಒಂದೇ ಆದರೆ ನೇರಳೆ ಛಾಯೆ ಬರುತ್ತದೆ. ಅದನ್ನು ರಕ್ತದ ಕೆಂಪಿಗೆ ತಿರುಗಿಸುವುದು ಬ್ಯಾಡಗಿಯ ಬಣ್ಣ ಮತ್ತು ನಿಂಬೆಯ ಹುಳಿ. ರುಬ್ಬಿದ್ದನ್ನು ಮತ್ತೆ ಕುದಿಸಬೇಡಿ, ಕಂದು ತಿರುಗೀತು. ಮೊಸರನ್ನೂ ಬೆರೆಸಬೇಡಿ, ಗುಲಾಬಿ ಬಣ್ಣವಾಗಿ ಹುಟ್ಟುಹಬ್ಬದ ಕೇಕಿನ ಕಳೆ ಬಂದುಬಿಡುತ್ತದೆ. ಚಮಚದಿಂದ ಸುರಿದರೆ ನೀರಿನಂತೆ ಓಡದೆ, ಒಂದು ಕ್ಷಣ ತಡೆದು ದಪ್ಪಗೆ ಇಳಿಯಬೇಕು. ಅದೇ ಹದ.

ಮಣ್ಣಿಗೆ ಗುರೆಳ್ಳು ಚಟ್ನಿಪುಡಿ. ಉತ್ತರ ಕರ್ನಾಟಕದವರ ಮನೆಯಲ್ಲಿ ಇದು ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಹಳೆ ಮೈಸೂರಿನವರ ಬಾಯಲ್ಲಿ ಇದೇ ಹುಚ್ಚೆಳ್ಳು. ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಹುರಿದ 6 ಮೆಣಸಿನಕಾಯಿ, 4 ಎಸಳು ಬೆಳ್ಳುಳ್ಳಿ, ಚೂರು ಹುಣಸೆ, ಉಪ್ಪಿನ ಜೊತೆ ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟುಕೊಂಡು ಉಂಡೆಗಟ್ಟುತ್ತದೆ. ಕರಿಮಣ್ಣಿನ ಬಣ್ಣಕ್ಕಾಗಿ ಬಿಸ್ಕತ್ತನ್ನು ಪುಡಿ ಮಾಡಿ ಹರಡುವ ಪದ್ಧತಿಯೂ ಇದೆ. ಖಾರದ ತರಕಾರಿಯ ಕೆಳಗೆ ಆ ಸಿಹಿ ಹೊಂದುವುದಿಲ್ಲ. ಗುರೆಳ್ಳು ಹೊಂದುತ್ತದೆ, ತಟ್ಟೆ ಖಾಲಿಯಾಗುವಾಗ ಮಣ್ಣೂ ಖಾಲಿಯಾಗುತ್ತದೆ.

ಬೆರಳು

ಈ ತಟ್ಟೆಯ ಜೀವ ಇದು, ಸಮಯ ಇಲ್ಲಿಗೇ ಕೊಡಿ. ಕ್ಯಾರೆಟ್ಟಿನ ಸಿಪ್ಪೆಯನ್ನು ತೆಳ್ಳಗೆ ಹೆರೆಯಿರಿ. ದಪ್ಪ ತುದಿ ಬುಡ, ಸಣ್ಣ ತುದಿ ಉಗುರಿನ ಕಡೆ. 14–15 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಬೆಂದ ಮೇಲೆ ಸ್ವಲ್ಪ ಕುಗ್ಗಿ ನಿಜವಾದ ಬೆರಳಿಗಿಂತ ಚೂರೇ ಉದ್ದ ಉಳಿಯುತ್ತದೆ, ಮಾಟಗಾತಿಯ ಬೆರಳು ಎಂದರೆ ಅಷ್ಟಿರಬೇಕು. ಸಣ್ಣ ತುದಿಯ ಮೇಲ್ಭಾಗದಲ್ಲಿ ಒಂದೂವರೆ ಸೆಂ.ಮೀ. ಉದ್ದಕ್ಕೆ ಓರೆಯಾಗಿ ಒಂದು ಚಕ್ಕೆ ತೆಗೆದರೆ ಉಗುರು ಕೂರಲು ಜಾಗವಾಯಿತು. ಇನ್ನು ಗೆಣ್ಣು. ತುದಿಯಿಂದ ಮೂರನೇ ಒಂದು ಭಾಗದಲ್ಲಿ ಒಮ್ಮೆ, ಮೂರನೇ ಎರಡು ಭಾಗದಲ್ಲಿ ಒಮ್ಮೆ, ಒತ್ತೊತ್ತಾಗಿ ಮೂರು ಮೂರು ಅಡ್ಡ ಗೆರೆ ಕೊಯ್ಯಿರಿ. ಆಳ 2 ಮಿ.ಮೀ. ಸಾಕು. ಹಸಿಯಾಗಿರುವಾಗ ಈ ಗೆರೆ ಕಾಣುವುದೇ ಕಷ್ಟ. ಬೇಯುತ್ತಾ ಮೇಲ್ಮೈ ಒಣಗಿ ಎಳೆದುಕೊಂಡಾಗ ಅವು ಬಾಯಿ ಬಿಡುತ್ತವೆ, ಅಂಚು ಕಂದಾಗುತ್ತದೆ, ಬೆರಳು ಮಡಚಿ ಬಿಟ್ಟಂತೆ ಮಡಿಕೆ ಮೂಡುತ್ತದೆ. ಕಾಣುತ್ತಿಲ್ಲವೆಂದು ಆಳವಾಗಿ ಕೊಯ್ದರೆ ತಿರುವಿ ಹಾಕುವಾಗ ಅಲ್ಲೇ ತುಂಡಾಗುತ್ತದೆ.

ಓವನ್ 220 ಡಿಗ್ರಿ ಸೆಲ್ಸಿಯಸ್, ಅಮೆರಿಕದ ಓವನ್ ಆದರೆ 425 ಫ್ಯಾರನ್‌ಹೀಟ್. ಫ್ಯಾನ್ ಇದ್ದರೆ 20 ಡಿಗ್ರಿ ಸೆಲ್ಸಿಯಸ್ ಕಡಿಮೆ. ಪೂರ್ತಿ ಕಾಯಲು 15 ನಿಮಿಷ ಬಿಡಿ. ಕ್ಯಾರೆಟ್ಟನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, 2 ದೊಡ್ಡ ಚಮಚ ಎಣ್ಣೆ, 1 ಚಮಚ ಉಪ್ಪು ಸವರಿ, ಒಂದಕ್ಕೊಂದು ತಾಗದಂತೆ ಟ್ರೇ ಮೇಲೆ ಜೋಡಿಸಿ. ಕಿಕ್ಕಿರಿದರೆ ಒಂದರ ಹಬೆ ಇನ್ನೊಂದನ್ನು ಬೇಯಿಸುತ್ತದೆ. ಕಂದು ಬಣ್ಣವೂ ಇಲ್ಲ, ಸುಕ್ಕೂ ಇಲ್ಲ, ಪಲ್ಯದ ಕ್ಯಾರೆಟ್ ಆಗುತ್ತದೆ. 30 ಲೀಟರ್ ಓಟಿಜಿ (ಮೇಜಿನ ಮೇಲಿಡುವ ಸಣ್ಣ ಓವನ್) ಇದ್ದವರು ಅರ್ಧ ಅರ್ಧ ಕೆ.ಜಿ.ಯಂತೆ ಎರಡು ಸಲ ಇಡಬೇಕು, ಬೇರೆ ದಾರಿಯಿಲ್ಲ. ಒಟ್ಟು 25–30 ನಿಮಿಷ, ನಡುವೆ ಒಮ್ಮೆ ತಿರುವಿ. ಚಾಕುವಿನ ತುದಿ ತಡೆದು ತಡೆದು ಒಳಗಿಳಿದರೆ ಸರಿ. ಸಲೀಸಾಗಿ ಇಳಿದರೆ ಬೆರಳು ಜೋತುಬೀಳುತ್ತದೆ. ಖಾರಪುಡಿ, ಮೆಣಸಿನಪುಡಿ, ಬೆಳ್ಳುಳ್ಳಿಯನ್ನು ಈ ಶಾಖಕ್ಕೆ ಒಡ್ಡಬೇಡಿ, ಸೀದು ಕಹಿಯಾಗುತ್ತವೆ. ಹೊರತೆಗೆದ ಮೇಲೆ ಉದುರಿಸಿ.

ಬಾದಾಮಿಯನ್ನು ಬಿಸಿನೀರಲ್ಲಿ ನೆನೆಸಿ, ಸಿಪ್ಪೆ ತೆಗೆದು, ಎರಡು ಹೋಳು ಮಾಡಿ. ಓವನ್‌ಗೆ ಹೋಗುವ ಮೊದಲೇ ಅಂಟಿಸಿದರೆ ಉಗುರು ಸೀಯುತ್ತದೆ. ಬೆಂದ ಬೆರಳಿನ ತುದಿಗೆ ಬೀಟ್‌ರೂಟ್ ಸಾಸನ್ನು ಕಾಲು ಚಮಚ ಹಚ್ಚಿ, ಮೇಲೆ ಬಾದಾಮಿಯನ್ನು ಒತ್ತಿ. ಸಾಸು ಅಂಟೂ ಆಗುತ್ತದೆ, ಉಗುರಿನ ಸುತ್ತ ಜಿನುಗಿದ ರಕ್ತವೂ ಆಗುತ್ತದೆ. ಮಕ್ಕಳು ಬರುವ ಪಾರ್ಟಿಯಾದರೆ ಬಾದಾಮಿ, ಶೇಂಗಾ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಮೊದಲೇ ಕೇಳಿ. ಇದ್ದರೆ ಉಗುರಿಗೆ ಈರುಳ್ಳಿಯ ಒಳಪದರ ಕತ್ತರಿಸಿಡಿ, ಎಣ್ಣೆಯನ್ನು ಸೂರ್ಯಕಾಂತಿಗೆ ಬದಲಿಸಿ. ಗುರೆಳ್ಳಿನ ಬಗೆಗೂ ಕೇಳಿಯೇ ಹರಡಿ, ಹೊರಗಿನವರಿಗೆ ಅದು ಹೊಸ ಕಾಳು.

ಬುರುಡೆ, ಮುಖ

ಅಣಬೆಯನ್ನು ತೊಟ್ಟಿನ ಸಮೇತ ಉದ್ದಕ್ಕೆ 1 ಸೆಂ.ಮೀ. ದಪ್ಪದ ಬಿಲ್ಲೆಯಾಗಿ ಕತ್ತರಿಸಿದರೆ ಕೊಡೆ ತಲೆಬುರುಡೆ, ತೊಟ್ಟು ದವಡೆ. ದಪ್ಪ ಸ್ಟ್ರಾದಿಂದ ಎರಡು ಕಣ್ಣು ಕೊರೆಯಿರಿ, ತೊಟ್ಟಿನ ಮೇಲೆ ಹಲ್ಲಿಗೆ ನಾಲ್ಕು ಗೀರು. ಅಣಬೆಯಲ್ಲಿ ನೀರೇ ಹೆಚ್ಚು, ಬೆಂದಾಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ತೆಳ್ಳಗೆ ಕತ್ತರಿಸಿದರೆ ಮುರುಟಿಕೊಳ್ಳುತ್ತದೆ, ಸಣ್ಣ ಕಣ್ಣು ಮುಚ್ಚಿಹೋಗುತ್ತದೆ. ಇದನ್ನು ಬೇರೆ ಟ್ರೇಯಲ್ಲೇ ಇಡಿ, ಕ್ಯಾರೆಟ್ ಜೊತೆ ಬೆರೆತರೆ ಬಿಟ್ಟ ನೀರು ಎರಡನ್ನೂ ಕೆಡಿಸುತ್ತದೆ. ಎಣ್ಣೆ ಸವರಿ 15–18 ನಿಮಿಷ ಇಟ್ಟು, ಉಪ್ಪನ್ನು ತೆಗೆದ ಮೇಲೆಯೇ ಹಾಕಿ.

ಗೆಣಸನ್ನು 1 ಸೆಂ.ಮೀ. ದಪ್ಪದ ಬಿಲ್ಲೆ ಮಾಡಿ ತ್ರಿಕೋನದ ಕಣ್ಣು, ಬಾಯಿ ಕತ್ತರಿಸಿ. ಕುಂಬಳವಾದರೆ ಹೋಳುಗಳಿಂದ ಡಬ್ಬಿಯ ಮುಚ್ಚಳ ಒತ್ತಿ ದುಂಡಗೆ ತೆಗೆಯಬೇಕು. ಗೆಣಸೇ ಮೇಲು, ಆಕಾರ ಬಿಡುವುದಿಲ್ಲ. 200 ಡಿಗ್ರಿಯಲ್ಲಿ 20–25 ನಿಮಿಷ. ಸಕ್ಕರೆಯಂಶ ಹೆಚ್ಚಿರುವುದರಿಂದ ತಳ ಬೇಗ ಕಪ್ಪಾಗುತ್ತದೆ, ಅಡಿಗೆ ಬೇಕಿಂಗ್ ಪೇಪರ್ ಹಾಕಿ.

ಜೋಡಣೆ

ಅಗಲ ತಟ್ಟೆಯ ಮೇಲೆ ಗುರೆಳ್ಳು ಪುಡಿಯನ್ನು ಅರ್ಧ ಸೆಂ.ಮೀ. ದಪ್ಪಕ್ಕೆ ಹರಡಿ, ನಡುವೆ ಗುಡ್ಡೆ ಮಾಡಿ. ಬೆರಳುಗಳ ಬುಡವನ್ನು ಅದರೊಳಗೆ ಹುಗಿದು, ಐದೈದನ್ನು ಕೈಯಂತೆ ಹರವಿ ಓರೆಯಾಗಿ ಒರಗಿಸಿ. ಸುತ್ತ ಬುರುಡೆ, ಮುಖಗಳು. ಸಾಸನ್ನು ಬೆರಳಿನ ಬುಡಕ್ಕೆ, ಗೆಣ್ಣಿನ ಬಿರುಕಿಗೆ ಮಾತ್ರ ಬಿಡಿ, ಉಳಿದದ್ದು ಬಟ್ಟಲಲ್ಲಿರಲಿ. ಮೇಲೆಲ್ಲ ಸುರಿದರೆ ರೋಸ್ಟ್ ಆದ ಬಣ್ಣವೇ ಮುಚ್ಚಿಹೋಗುತ್ತದೆ.

ಪುಡಿಗೆ ತೇವ ತಾಗಿದರೆ ಅರ್ಧ ಗಂಟೆಯಲ್ಲಿ ಕೆಸರಾಗುವುದರಿಂದ ಜೋಡಣೆ ಅತಿಥಿಗಳು ಬರುವ ಹತ್ತು ನಿಮಿಷ ಮೊದಲು. ತರಕಾರಿಯನ್ನು ಒಂದು ಗಂಟೆ ಮುಂಚೆ ಬೇಯಿಸಿಟ್ಟಿದ್ದರೆ ಮುಚ್ಚಬೇಡಿ, ಬೆವರಿ ಮೆತ್ತಗಾಗುತ್ತದೆ. ಉಗುರು ಅಂಟಿಸುವ ಮೊದಲು 200 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿದರೆ ಸಾಕು. ದೀಪಾವಳಿಯ ಆಸುಪಾಸಿನಲ್ಲೇ ಪಾರ್ಟಿ ಬಿದ್ದರೆ (2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಇತ್ತು) ಈರುಳ್ಳಿ, ಬೆಳ್ಳುಳ್ಳಿ, ಅಣಬೆ ಮುಟ್ಟದವರೂ ಇರುತ್ತಾರೆ. ಬೆಳ್ಳುಳ್ಳಿಯ ಬದಲು ಇಂಗು ಹಾಕಿ, ಬುರುಡೆಗಳನ್ನು ಬೇರೆ ತಟ್ಟೆಯಲ್ಲಿಡಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಕ್ಯಾರೆಟ್, ಗೆಣಸನ್ನು ಸಣ್ಣಗೆ ಹೆಚ್ಚಿ ಮೊಸರಿಗೆ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟರೆ ಒಳ್ಳೆಯ ಮೊಸರುಬಜ್ಜಿಯಾಗುತ್ತದೆ.