ತುಪ್ಪ ಬಿಟ್ಟೆ, ಕಾಯಿಹಾಲು ಹಿಡಿದೆ

ವೈರಲ್ ಜ್ವರ ಬಂದು ಹೋದ ಮೇಲೆ ಮಗನಿಗೆ ಗ್ಯಾಸ್ಟ್ರೋಪರೇಸಿಸ್, ಅಂದರೆ ಹೊಟ್ಟೆ ಉಂಡದ್ದನ್ನು ಬೇಗ ಮುಂದೆ ತಳ್ಳದ ತೊಂದರೆ. ಇಂಥ ಮಕ್ಕಳಿರುವ ಮನೆಯವರಿಗೆ ಹೆಸರು ಹೇಳಿದರೆ ಸಾಕು. ಮಧ್ಯಾಹ್ನ ಉಂಡ ಬೀನ್ಸ್ ಚೂರು ರಾತ್ರಿ ವಾಂತಿಯಲ್ಲಿ ಹಾಗೇ ಬರುತ್ತಿತ್ತು, ಹಸಿರು ಕೂಡ ಮಾಸದೆ.

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರು ಬಾಡಿಗೆ, ಸ್ಕ್ಯಾನ್, ಡಬ್ಬದ ಪೌಡರು ಸೇರಿ ಮೊದಲ ವರ್ಷ 60-70 ಸಾವಿರ ಹೋಗಿರಬೇಕು. ಅಡಿಕೆ ದುಡ್ಡು ಬಂದ ದಾರಿಯಲ್ಲೇ ಹೋಯಿತು. ಪೌಡರನ್ನಂತೂ ಮಗ ಮೂಸಿ ನೋಡಿ ಲೋಟ ದೂಡುತ್ತಿದ್ದ. ಉಳಿದದ್ದು ಕರುವಿನ ಪಾಲು.

ಸೊಪ್ಪು ಕೊಡಿ, ನಾರು ಕೊಡಿ, ತುಪ್ಪ ಹಾಕಿ ಅಂತ ಎಲ್ಲರ ಸಲಹೆ. ಮಲಬದ್ಧತೆಯಾದರೆ ಸರಿ. ಹೊಟ್ಟೆಯೇ ಮುಂದೆ ತಳ್ಳದಿದ್ದಾಗ ನಾರು ಅಲ್ಲೇ ಕೂರುತ್ತದೆ, ಉಂಡೆಗಟ್ಟುವುದೂ ಉಂಟು. ತುಪ್ಪ, ಕರಿದದ್ದು ಇನ್ನೂ ತಡ ಮಾಡುತ್ತವೆ. ಎಲ್ಲ ನಿಲ್ಲಿಸಿದೆ. "ತುಪ್ಪ ಇಲ್ದೇ ಮಾಣಿ ಬೆಳೆಯದು ಹ್ಯಾಂಗೇ?" ಅಂತ ಅತ್ತೆ ಸಿಟ್ಟಾದರು. ತೂಕವೂ ಇಳಿಯುತ್ತಲೇ ಇತ್ತು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊಬ್ಬು ಗಟ್ಟಿ ಊಟದಲ್ಲಿದ್ದರೆ ಕಷ್ಟ, ಕುಡಿಯುವುದರಲ್ಲಿದ್ದರೆ ಎಷ್ಟೋ ಮಕ್ಕಳಿಗೆ ಒಗ್ಗುತ್ತದೆ ಅಂತ ಡಯಟಿಷಿಯನ್ ಹೇಳಿದ್ದರು. ಅವರು ಹೇಳಿದ್ದು ಹಸುವಿನ ಹಾಲಿಗೆ. ನಾನು ಮನೆಯ ತೆಂಗಿನಕಾಯಿ ತುರಿದೆ. ಬೆಳ್ತಿಗೆ ಅಕ್ಕಿಯ ಗಂಜಿ ನುಣ್ಣಗೆ ತಿರುವಿ, ಬಟ್ಟೆಯಲ್ಲಿ ಸೋಸಿದ, ಎರಡನೇ ಸಲ ಹಿಂಡಿದ ತೆಳು ಕಾಯಿಹಾಲು, ಚೂರು ಬೆಲ್ಲ. ಮೊದಲು ಎರಡು ಚಮಚ, ವಾರ ಕಳೆದ ಮೇಲೆ ಅರ್ಧ ಲೋಟ. ಆಸೆಗೆ ಬಿದ್ದು ಮೊದಲು ಹಿಂಡಿದ ದಪ್ಪ ಹಾಲು ಹಾಕಿದ ದಿನ ಎಲ್ಲ ವಾಂತಿ. ಗಂಜಿ ಆರಿದ ಮೇಲೂ ಗಟ್ಟಿಯಾಗಬಾರದು. ಅದಕ್ಕೊಂದು ಉಪಾಯ ಇದೆ, ಅದು ನನ್ನಲ್ಲೇ ಇರಲಿ.

ಗಟ್ಟಿ ತಿಂಡಿ ಬೆಳಿಗ್ಗೆ ಮಾತ್ರ, ಅದೂ ಒಂದೋ ಎರಡೋ ತೆಳ್ಳೇವು, ಅಂದರೆ ತೆಳು ದೋಸೆ. ಸಂಜೆಯಾಗುತ್ತಿದ್ದಂತೆ ಬರೀ ಕುಡಿಯುವುದು. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ಉಂಡ ಕೂಡಲೇ ಮಲಗುವ ಹಾಗಿಲ್ಲ. ಆ ಹೊತ್ತಿಗೆ ಅತ್ತೆ ಜೊತೆ ಚೌಕಾಬಾರ ಆಡಿಸುತ್ತಿದ್ದೆ, ಇಬ್ಬರೂ ಸುಮ್ನಿರುತ್ತಿದ್ದರು.

ನಡುವೆ ಹಲಸಿನ ಹಣ್ಣಿನ ರಸವನ್ನೂ ನೋಡಿದೆ. ಎಷ್ಟು ಸೋಸಿದರೂ ನಾರು ಬಿಡದು, ಎರಡೇ ದಿನಕ್ಕೆ ಕೈಬಿಟ್ಟೆ. ಒಂದೆಲಗದ ತಂಬುಳಿ ಮಾತ್ರ ಸೋಸಿದ ಮೇಲೆ ಚೆನ್ನಾಗಿ ಒಗ್ಗಿತು. ಮಾವಿನಕಾಯಿಯ ತೆಳು ಅಪ್ಪೆಹುಳಿ ಅವನೇ ಕೇಳಿ ಕುಡಿದ. ಖಾರ ಹಾಕದೆ ಮಾಡಿದ್ದೆ, ಅದಕ್ಕೆ ಅಪ್ಪೆಹುಳಿ ಅನ್ನಬಹುದೋ ಇಲ್ಲವೋ!

ವರ್ಷದಲ್ಲಿ ಮೂರೂವರೆ, ನಾಲ್ಕು ಕೆಜಿ ಏರಿದ. ಡಾಕ್ಟರು ಮಾತ್ರೆಯನ್ನೂ ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ಜ್ವರದ ನಂತರ ಬಂದದ್ದು ತಾನಾಗಿಯೇ ಸರಿಹೋಗುವುದೂ ಇದೆಯಂತೆ. ಹೋಗಲಿ ಬಿಡಿ, ಆ ನಾಲ್ಕು ಕೆಜಿ ತಾನಾಗಿ ಬಂದದ್ದಲ್ಲ.